ಅವ್ವ ಬಿಟ್ಟ ಆ ಉಸಿರು

ಶನಿವಾರ ಪೇಠ, ಪುಣೆ
ಆದಿತ್ಯವಾರ, ೨೩ ಏಪ್ರಿಲ್ ೧೯೩೩

ನನ್ನ ಗೋದೂ,

ಅಲ್ಲ, ಹಾಗಲ್ಲ ಅದು. ನೀನು ಗಾಡಿಯ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಮಣಿಕಟ್ಟು ಹಿಡಿದು ಕೇಳಿದೆಯಲ್ಲ, ಆಗಲೇ, ಆ ಪ್ಲಾಟ್‌ಫಾರ್ಮಿನ ಮೇಲೆಯೇ, ಹಾಗಲ್ಲ ಎಂದು ನಾನು ಹೇಳಬೇಕಾಗಿತ್ತು. ಬಾಯಿ ತೆರೆಯುವಷ್ಟರಲ್ಲಿ ಗಾರ್ಡು ಸೀಟಿ ಊದಿದ. "ಅಪ್ಪಾ, ಅವ್ವನ್ನ ಹೊರಳಸಬೇಕಾದ್ರ ಉಸಿರು ಬಿಟ್ಲಂತಲ್ಲ. ಖರೇನ ಹೋಗಿದ್ಲೇನು ಆಕಿ?" ಎಂದು ನೀನು ಕೇಳಿದ್ದು ಗಾಡಿಯ ಸಪ್ಪಳದಲ್ಲಿ ನನಗೆ ಕೇಳಿಸಲಿಲ್ಲ ಎಂದು ನೀನು ತಿಳಿದಿರಬೇಕು. ಕೇಳಿಸಿತ್ತು. ಪೂರ್ತಿ ಕೇಳಿಸಿತ್ತು. ನಾನು ಕೈ ಬೀಸಿದೆ. ಅಂಥ ಮಾತು ಕೇಳಿದ ಮಗಳಿಗೆ ಜಾತ್ರೆಗೆ ಹೊರಟವಳಿಗೆ ಬೀಸಿದ ಹಾಗೆ ಕೈ ಬೀಸಿ ಮನೆಗೆ ಬಂದೆ.

ಆವತ್ತಿನಿಂದ ದಿನಾಲು ಟಾಕು ಮಸಿಯಲ್ಲಿ ಅದ್ದುತ್ತೇನೆ, ಅದು ಒಣಗುತ್ತದೆ, ಒರೆಸಿ ಇಡುತ್ತೇನೆ. ತಡವಾದದ್ದಕ್ಕೆ ನೀನು ಸಿಟ್ಟಾಗಬೇಕು, ಆಗು. ಸುಮ್ಮನೆ ನಾಲ್ಕು ಸಮಾಧಾನದ ಮಾತು ಬರೆದರೆ ನಂಬುವವಳು ನೀನಲ್ಲ, ಆ ಗುಣ ನಿನಗೆ ನಿಮ್ಮ ಅವ್ವನಿಂದಲೇ ಬಂದದ್ದು. ವಿಚಾರಿಸಿ, ಖಾತ್ರಿ ಮಾಡಿಕೊಂಡು ಬರೆದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಅಳಿಯ ಶ್ಯಾಮರಾಯರ ಕಾರ್ಡು ಬಂತು. ನಿನಗೆ ನಿದ್ದೆಯಿಲ್ಲವಂತೆ. ಕೂಸು ಇಂದೂ ಮಲಗಿದಾಗಲೆಲ್ಲ ಎದ್ದು ಅದರ ಮೂಗಿನ ಕೆಳಗೆ ಬೆರಳು ಹಿಡಿದು ನೋಡುತ್ತೀಯಂತೆ, ಅದು ಎಚ್ಚರಾಗಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತದಂತೆ. ಮೊನ್ನೆ ನಿಮ್ಮ ಅತ್ತೆಯವರ ಮೂಗಿಗೂ ಬೆರಳು ಹಿಡಿದೆಯಂತೆ. "ಇನ್ನೂ ಹೋಗಿಲ್ಲವಾ ನಾ, ನೀ ಹೋಗಿ ಮಲಕೋ" ಎಂದರಂತೆ ಅವರು. ಓದುವಾಗ ನಗು ಬಂದುಬಿಟ್ಟಿತು. ನಕ್ಕ ಮೇಲೆ ಕಾರ್ಡನ್ನು ತಿರುಗಿ ಮೊದಲಿನಿಂದ ಓದಿದೆ. ಎದೆಹಾಲು ಕಡಿಮೆಯಾಗಿದೆ ಎಂದೂ ಬರೆದಿದ್ದಾರೆ. ನನ್ನ ಮೊಮ್ಮಗಳ ಹಾಲು ಕಡಿಮೆಯಾಗುವುದಕ್ಕೆ ನಾನು ಕಾರಣನಾಗಬೇಕೆ?

ನಿನ್ನ ತುಳಸಿಗೆ ನೀರು ಹಾಕುತ್ತಿದ್ದೇನೆ. ವಾಡೆಯ ಬಾವಿ ತಳ ಕಂಡಿದೆ. ಅಂಗಳದಾಚೆಯ ಮನೆಯ ರಾಧಾಬಾಯಿ ದಿನಾಲು ಏನಾದರೂ ಕಳಿಸುತ್ತಾಳೆ, ನಿನ್ನೆ ಝುಣಕ ಕಳಿಸಿದ್ದಳು, ಉಪ್ಪು ಜಾಸ್ತಿ. ನಿಮ್ಮ ಅವ್ವನಾದರೆ ಅದೇ ಬಟ್ಟಲಲ್ಲಿ ಮೊಸರು ಹಾಕಿ ತಿರುಗಿ ಕಳಿಸುತ್ತಿದ್ದಳು, ಮಾತಿಲ್ಲದೆ. ನಾನು ಉಂಡೆ.

ರಾಧಾಬಾಯಿಯ ಮೇಲೆ ನೀನು ಸಿಟ್ಟಾಗಬೇಡ. ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಆಕೆ ನಿನಗೆ ಹೇಳಿದ್ದರಲ್ಲಿ ಸುಳ್ಳಿಲ್ಲ. ನಾನೇ ಅಂಗಳ ದಾಟಿ ಹೋಗಿ ಕೇಳಿದೆ. "ನಾ ಯಾಕ ಸುಳ್ಳು ಹೇಳಲಿ ರಾಯರ? ಮೈತೊಳದು, ಹಸರು ಪತ್ತಲಾ ಉಡಸಿ, ಉಡಿ ತುಂಬಿ, ನಿರಿಗಿ ಸರಿ ಮಾಡಲಿಕ್ಕೆ ಅಂತ ಈ ಮಗ್ಗಲಿಗೆ ಹೊರಳಸಿದಿವಿ. ಹಾಂ ಅಂತ ಉಸಿರು ಬಿಟ್ರು. ದಣದವರು ಬಿಟ್ಟಂಗ. ನನ್ನ ಕಿವಿಲೆ ಕೇಳೀನಿ. ನೀವೂ ಬಾಗಲದಾಗ ನಿಂತಿದ್ರಿ, ನೀವೂ ಕೇಳಿದ್ರಿ" ಎಂದಳು. ಒಳಗಿನಿಂದ ಆಕೆಯ ಗಂಡ ಕೃಷ್ಣಾಜಿ, "ಈಕಿಗೆ ಹಾಲು ಕಾಯೂ ಸಪ್ಪಳನೂ ದೆವ್ವದ್ದ" ಎಂದ. "ನಿಮಗ ನನ್ನ ಮಾತೂ ದೆವ್ವದ್ದ ಆಗೇದ, ಸುಮ್ನ ಕೂಡ್ರಿ" ಎಂದು ಆಕೆ ಅಲ್ಲಿಂದಲೇ ಬೈದಳು. ಅದೇ ಮಾತನ್ನು ಕೃಷ್ಣಾಜಿ ಆ ದಿನವೂ ಹೇಳಿದ್ದ. ನಾನು?

ನಾನು ಏನು ಹೇಳಿದೆ ಎನ್ನುವುದೂ ನಿನಗೆ ಗೊತ್ತು, ಶ್ಯಾಮರಾಯರು ಕಾರ್ಡಿನಲ್ಲಿ ಅದನ್ನೂ ಕೇಳಿದ್ದಾರೆ. ರಾಧಾಬಾಯಿ ಚೀರಿದಾಗ ನಾನು ಬಾಗಿಲಲ್ಲಿ ನಿಂತು ದೊಡ್ಡ ದನಿಯಲ್ಲಿ, "ಅದು ರಿಫ್ಲೆಕ್ಸ್ ಆ್ಯಕ್ಷನ್, ಅದು ಏನೂ ಅಲ್ಲ" ಎಂದೆ. ಕೂಡಲೇ ಎಲ್ಲರೂ ಸುಮ್ಮನಾದರು. ಕಾಲೇಜಿನ ಮೆಟ್ಟಿಲು ಹತ್ತಿದವನು ಈ ವಾಡೆಯಲ್ಲಿ ನಾನೊಬ್ಬನೇ ಅಲ್ಲವೆ? ಮೊದಲ ವರ್ಷದ ಪ್ರೀವಿಯಸ್ ಕ್ಲಾಸಿನಲ್ಲಿ ಒಬ್ಬ ಸಾಹೇಬ ಪ್ರೊಫೆಸರ್ ನಮ್ಮೆದುರಿಗೆ ಸತ್ತ ಕಪ್ಪೆಯ ಕಾಲಿಗೆ ವಿದ್ಯುತ್ತಿನ ತಂತಿ ಮುಟ್ಟಿಸಿದ, ಅದು ಒದೆಯಿತು. "ಜಂಟಲ್ಮೆನ್, ಕಪ್ಪೆ ಸತ್ತಿದೆ, ಆದರೆ ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ" ಎಂದ. ಇಡೀ ಕ್ಲಾಸು ನಕ್ಕಿತು. ಆ ನಗೆ ನೆನಪಿದೆ, ಅದರ ಹಿಂದಿನ ಪಾಠ ಹೋಗಿದೆ. ಮಿಲಿಟರಿ ಅಕೌಂಟ್ಸಿನಲ್ಲಿ ಆಯುಷ್ಯ ಕಳೆದವನ ಬಾಯಿಗೆ ಆ ಹೊತ್ತಿಗೆ ಯಾವುದೋ ಎರಡು ಇಂಗ್ಲಿಷ್ ಶಬ್ದ ಬಂದವು, ಹೇಳಿದೆ. ನಿನ್ನ ಗಂಡ ಮಾಸ್ತರಮನುಷ್ಯ. ಆತ ಪುಸ್ತಕ ತೆಗೆದು ನೋಡಿದ್ದಾನೆ, ರಿಫ್ಲೆಕ್ಸ್ ಎಂಬುದು ಜೀವ ಇದ್ದವರಿಗೆ ಮಾತ್ರ ಎಂದು ಅಲ್ಲಿ ಬರೆದಿದೆ. ಅಂದರೆ ರಾಧಾಬಾಯಿಯ ಉಸಿರಿಗಿಂತ ನನ್ನ ಇಂಗ್ಲಿಷೇ ನಿನ್ನ ನಿದ್ದೆ ಕೆಡಿಸಿದ್ದು. ನಾಚಿಕೆ ಎಂದರೆ ನಾಚಿಕೆ, ಗೋದೂ.

ನಿನ್ನ ದಿಗಿಲು ಮೂರ್ಖತನದ್ದಲ್ಲ. ನೀನು ಅಂದು ಇರಲಿಲ್ಲ, ತಾರು ಮುಟ್ಟಿ ನೀನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿನಗೆ ಹೇಳಿದ್ದು ಇಷ್ಟು: ಮಧ್ಯಾಹ್ನ ಇಳಿಹೊತ್ತಿಗೆ ಕೆಳಗೆ ಇಳಿಸಿದೆವು, ಬಾಯಿಗೆ ಗಂಗೆ ಹಾಕಿದೆವು, ಗುಟುಕರಿಸಿದಳು, ಹೋದಳು. ಸೂರ್ಯಾಸ್ತದೊಳಗೆ ದಹನ ಆಗಬೇಕೆಂದು ಕೃಷ್ಣಾಜಿ ಅವಸರ ಮಾಡಿದ, ಬಿಸಿಲು ಇರುವಾಗಲೇ ಓಂಕಾರೇಶ್ವರದ ಘಾಟಿಗೆ ಒಯ್ದೆವು. ನಡುವೆ ಆ ಉಸಿರು. ಡಾಕ್ಟರ್ ದಿಗಂಬರರಾಯರು ಅಂದು ಜೇಜುರಿಯಲ್ಲಿ ಯಾರದೋ ಹೆರಿಗೆಗೆ ಹೋಗಿದ್ದರು, ನಾಡಿ ಹಿಡಿದು ನೋಡಿದ ತಿಳಿದವರು ಒಬ್ಬರೂ ಇಲ್ಲ. ಇಷ್ಟನ್ನು ಕೂಡಿಸಿದರೆ ಯಾವ ಮಗಳಿಗಾದರೂ ನಿನಗೆ ಬಂದ ಯೋಚನೆಯೇ ಬಂದೀತು. ಆ ಯೋಚನೆಯನ್ನು ನಾನು ಅಕ್ಷರದಲ್ಲಿ ಬರೆಯುವುದಿಲ್ಲ.

ಮೊನ್ನೆ ದಿಗಂಬರರಾಯರ ದವಾಖಾನೆಗೆ ಹೋದೆ. ಅವರು ನಮ್ಮ ಬೆಳಗಾವಿಯ ಕಡೆಯವರು, ಇಷ್ಟು ವರ್ಷ ನಿಮ್ಮ ಅವ್ವನ ಎದೆರೋಗಕ್ಕೆ ಔಷಧ ಕೊಟ್ಟವರು. ಬೇನೆಯವರೆಲ್ಲ ಹೋಗುವ ತನಕ ಬೆಂಚಿನ ಮೇಲೆ ಕೂತೆ.

"ಡಾಕ್ಟರ, ಒಂದು ಅಕಾಡೆಮಿಕ್ ಪ್ರಶ್ನಿ ಅದ" ಎಂದೆ.

"ಅಕಾಡೆಮಿಕ್ ಪ್ರಶ್ನಿ ಕೇಳೂ ಮಂದೀ ಮಾರಿ ಹಿಂಗಿರೂದಿಲ್ಲ ಬಿಂದುಮಾಧವರಾಯರ. ಕೂಡ್ರಿ."

"ಸತ್ತ ಮನಷ್ಯಾ ಉಸಿರು ಬಿಡ್ತಾನೇನ್ರಿ?"

"ಬಿಡ್ತಾನ. ತಗೊಳ್ಳೂದಿಲ್ಲ."

ಗೋದೂ, ಈ ಮಾತನ್ನು ನೀನು ಎರಡು ಸಲ ಓದು. ಬಿಡುತ್ತಾರೆ, ತೆಗೆದುಕೊಳ್ಳುವುದಿಲ್ಲ. ಅವರು ವಿವರಿಸಿದ್ದು ಹೀಗೆ. ಜೀವ ಹೋದಾಗ ಎದೆಯೊಳಗಿನ ಗಾಳಿಯೆಲ್ಲ ಹೋಗಿರುವುದಿಲ್ಲ, ಒಳಗೆ ಉಳಿದಿರುತ್ತದೆ. ಹೆಣವನ್ನು ಎತ್ತಿದಾಗ, ಹೊರಳಿಸಿದಾಗ ಎದೆ ಒತ್ತಿದಂತಾಗಿ ಆ ಗಾಳಿ ಗಂಟಲಿನಿಂದ ಹೊರಗೆ ಬರುತ್ತದೆ. ಗಂಟಲು ಅದೇ, ದನಿ ಹುಟ್ಟುವ ಜಾಗ ಅದೇ, ಆದ್ದರಿಂದ ಆಕೆಯೇ ಉಸಿರಿಟ್ಟಂತೆ ಕೇಳಿಸುತ್ತದೆ. "ನಿಮ್ಮ ಓಣ್ಯಾಗ ಹಾರ್ಮೋನಿಯಂ ಬಾರಸವರು ಇದ್ದಾರಲ್ಲ. ಹಾಡು ಮುಗದು ಎಲ್ಲಾರೂ ಎದ್ದು ಹೋದ ಮ್ಯಾಲೆ ಪೆಟ್ಟಿಗಿ ಎತ್ತಿ ಆ ಕಡೆ ಇಡ್ರಿ, ಒಂದು ಸ್ವರಾ ತಾನ ಹೊಂಡ್ತದ. ಬಾರಸಿದವರು ಯಾರು? ಯಾರೂ ಅಲ್ಲ" ಎಂದರು. ಆಸ್ಪತ್ರೆಯಲ್ಲಿ ಹೊಸದಾಗಿ ಕಲಿಯುತ್ತಿದ್ದಾಗ ಅಂಥ ಒಂದು ಸಪ್ಪಳಕ್ಕೆ ತಾವೂ ಬಕೆಟ್ಟು ಬಿಟ್ಟು ಓಡಿದ್ದಾಗಿ ಹೇಳಿದರು.

"ಹಂಗಾರ ಅದು ರಿಫ್ಲೆಕ್ಸ್ ಅಲ್ಲ?"

"ಸತ್ತವರಿಗೆ ಎಲ್ಲಿ ರಿಫ್ಲೆಕ್ಸ್ ರೀ? ಯಾವ ಶಾಣ್ಯಾ ಅಂದಾ ಹಂಗ?"

"ಯಾರೋ ಅಂದ್ರು" ಎಂದೆ. ಸುಳ್ಳು ಎಷ್ಟು ಸುಲಭವಾಗಿ ಬರುತ್ತದೆ ನೋಡು ನನಗೆ.

ಬಂದದ್ದಾಗಿದೆ, ಕೇಳಿಯೇ ಬಿಡೋಣವೆಂದು ನಿನ್ನ ಕಿವಿಗೆ ಬಿದ್ದಿರಬಹುದಾದ ಎಲ್ಲವನ್ನೂ ಕೇಳಿದೆ. ಉಗುರು ಬೆಳೆದಂತೆ ಕಂಡವು ಎಂದು ರಾಧಾಬಾಯಿ ಅಂದಿದ್ದಳಲ್ಲ. ಹುಬ್ಬಳ್ಳಿಯ ನಮ್ಮ ಸೋದರಮಾವನ ಗಡ್ಡ ಒಂದೇ ಹಗಲಿನಲ್ಲಿ ಬೆಳೆದ ಕಥೆಯನ್ನು ನಾನೂ ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ. ಬೆಳೆಯುವುದಿಲ್ಲವಂತೆ. ಒಂದು ಕೂದಲೂ ಬೆಳೆಯುವುದಿಲ್ಲ. ಮೈಯ ನೀರು ಆರಿ ಚರ್ಮ ಹಿಂದಕ್ಕೆ ಸರಿಯುತ್ತದೆ, ಉಗುರು ಇದ್ದಲ್ಲೇ ಇರುತ್ತದೆ, ನಮ್ಮ ಕಣ್ಣಿಗೆ ಉದ್ದವಾದಂತೆ ಕಾಣುತ್ತದೆ. ಘಾಟಿನಲ್ಲಿ ಬೆಂಕಿ ಹತ್ತಿದ ಮೇಲೆ ನಿಮ್ಮ ಅವ್ವನ ಬಲಗೈ ಮೇಲೆದ್ದದ್ದನ್ನು ಕೃಷ್ಣಾಜಿ ನೋಡಿ, ಎಲ್ಲರಿಗೂ ಆಶೀರ್ವಾದ ಮಾಡಿದಳು ಎಂದು ಹೆಂಗಸರಿಗೆ ಹೇಳಿದನಲ್ಲ. ಅದನ್ನು ಕೇಳಿ ನೀನು ಎದ್ದು ಒಳಗೆ ಹೋದೆ, ನಾನು ನೋಡಿದೆ. ಅದೂ ಬೆಂಕಿಯ ಕೆಲಸವೇ. ಕೆಂಡದ ಮೇಲೆ ಹಪ್ಪಳ ಇಟ್ಟರೆ ಅಂಚು ಮೇಲೇಳುತ್ತದೆ, ಹಾಗೆ ಕಾವಿಗೆ ಸ್ನಾಯು ಕುಗ್ಗುತ್ತದೆ, ಕೈ ಮಡಚಿಕೊಳ್ಳುತ್ತದೆ. ಆಶೀರ್ವಾದವೂ ಅಲ್ಲ, ನೋವೂ ಅಲ್ಲ. ಹೆಣ ಭಾರವಾಗುತ್ತದೆ ಎನ್ನುತ್ತಾರಲ್ಲ, ಅದನ್ನೂ ಕೇಳಿದೆ. "ತಕ್ಕಡ್ಯಾಗ ಇಟ್ರ ಅಷ್ಟ ಇರ್ತದ ರೀ. ಜೀವಾ ಇದ್ದವರು ನಮ್ಮ ಕುತ್ತಿಗಿ ಹಿಡಕೊಂಡು, ಮೈ ಬಿಗಿ ಮಾಡಿ, ತಮ್ಮ ಭಾರಾ ಅರ್ಧ ತಾವ ಹೊರ್ತಾರ. ಸತ್ತವರು ಪೂರಾ ನಮ್ಮ ಮ್ಯಾಲೆ ಬಿಡ್ತಾರ" ಎಂದರು.

ಕಡೆಗೆ ಇನ್ನೊಂದು ಕೇಳಿದೆ, ಅದು ನಿನಗಾಗಿ ಕೇಳಿದ್ದಲ್ಲ. ಸತ್ತವರ ಕಣ್ಣಿನಲ್ಲಿ ಅವರು ಕೊನೆಗೆ ನೋಡಿದ್ದರ ಚಿತ್ರ ಫೋಟೋದ ಹಾಗೆ ಉಳಿಯುತ್ತದೆ ಎಂದು ಕಾಲೇಜಿನಲ್ಲಿದ್ದಾಗ ಓದಿದ ನೆನಪು, ಖೂನಿ ಮಾಡಿದವನನ್ನು ವಿಲಾಯತಿಯ ಪೊಲೀಸರು ಹಾಗೆ ಹಿಡಿಯುತ್ತಾರೆ ಎಂದು. ದಿಗಂಬರರಾಯರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಏನೂ ಉಳಿಯೂದಿಲ್ಲ ರಾಯರ. ಕಣ್ಣು ಮಬ್ಬಾಗ್ತದ, ಅಷ್ಟ" ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, "ನೀವು ಕಾಣೂದಿಲ್ಲ ಅದರಾಗ" ಎಂದರು. ನಾನು ಏನೂ ಹೇಳಿರಲಿಲ್ಲ, ಗೋದೂ. ಏನೂ.

ಎದ್ದು ಹೊರಟಾಗ ಅವರೇ ನಿಲ್ಲಿಸಿದರು.

"ಗಂಗಾ ಬಾಯಾಗ ಹಾಕಿದವರು ಯಾರು?"

"ನಾನ."

"ಬಾಯಿ ತಗೀತೇನು? ದವಡಿ ಸಡ್ಲ ಇತ್ತೋ, ಬಿಗದಿತ್ತೋ?"

ನಾನು ತಿರುಗಿ ಬಂದು ಬೆಂಚಿನ ಮೇಲೆ ಕೂತೆ.

"ಯಾಕ ಕೇಳ್ತೀನಂದ್ರ, ಜೀವಾ ಹೋದ ಮ್ಯಾಲೆ ಮೈ ಮೊದಲು ಸಡ್ಲಾಗ್ತದ. ಆಮ್ಯಾಲೆ ಸೆಡೀತದ. ಎಲ್ಲಾಕಿಂತ ಮೊದಲು ರೆಪ್ಪಿ, ದವಡಿ, ಕುತ್ತಿಗಿ, ಕೈಕಾಲು ಹಿಂದಾಗಡೆ. ದವಡಿ ಬಿಗೀಲಿಕ್ಕೆ ಎರಡು ಮೂರು ತಾಸರ ಬೇಕು, ಈ ಬ್ಯಾಸಗ್ಯಾಗ ಸ್ವಲ್ಪ ಲಗೂ. ದವಡಿ ಬಿಗದಿತ್ತಂದ್ರ ಮುಗೀತು. ನಾ ಅಲ್ಲೇ ಇದ್ದು ನಾಡಿ ಹಿಡದಿದ್ರೂ ಅದಕಿಂತ ದೊಡ್ಡ ಪುರಾವೆ ಕೊಡ್ತಿದ್ದಿಲ್ಲ. ಬಿಗದಿತ್ತಂದ್ರ ಮಗಳಿಗೆ ಅಷ್ಟ ಬರೀರಿ, ಆಕಿ ಮಲಗ್ತಾಳ."

ರಿಗರ್ ಮಾರ್ಟಿಸ್, ಹೆಣ ಸೆಟೆಯುವುದು. ಶಬ್ದ ಆಗ ನೆನಪಾಯಿತು. ಬೇಕಾದಾಗ ಬಾರದೆ ಈಗ ಬಂತು.

ಅಷ್ಟೇ ಬರೆಯಿರಿ ಎಂದರು ಅವರು. ಮನೆಗೆ ಬಂದು ನಿಮ್ಮ ಅವ್ವನ ಮಂಚದ ಎದುರಿಗೆ ಕೂತೆ. ಅಷ್ಟನ್ನು ಬರೆದರೆ ನೀನು ಮಲಗುತ್ತೀ. ಬರೆಯದಿದ್ದರೆ ನನ್ನ ಮರ್ಯಾದೆ ಉಳಿಯುತ್ತದೆ. ಯಾವುದು ದೊಡ್ಡದು ಎಂದು ಎರಡು ದಿನ ತೂಗಿದ್ದೇನೆ, ಇದೂ ತೂಗಬೇಕಾದ ಮಾತೆ?

ದವಡೆ ಬಿಗಿದಿತ್ತು ಗೋದೂ. ಕಲ್ಲಿನ ಹಾಗೆ ಬಿಗಿದಿತ್ತು.

ನಾನು ನೋಡಿದಾಗ ಆಕೆ ಮಂಚದ ಮೇಲೆಯೇ ಹೋಗಿದ್ದಳು. ಆ ಎತ್ತರದ ದಿಂಬಿಗೆ ಒರಗಿ, ಉಸಿರಾಟಕ್ಕೆ ಅನುಕೂಲವೆಂದು ನೀನೇ ಹೊಲಿದುಕೊಟ್ಟದ್ದು, ಗದ್ದ ಎದೆಗೆ ಹತ್ತಿಸಿ ಕೂತಂತೆ ಇದ್ದಳು. ಕೈ ಮುಟ್ಟಿದೆ, ತಣ್ಣಗಿತ್ತು. ಅಂದು ಬೆಳಗಿನ ಊಟವಾದ ಮೇಲೆ ಪಡಸಾಲೆಯ ಆರಾಮಕುರ್ಚಿಯಲ್ಲಿ ನನಗೆ ಜೊಂಪು ಹತ್ತಿತ್ತು. ಕಣ್ಣು ಬಿಟ್ಟಾಗ ಬಿಸಿಲು ಪಶ್ಚಿಮದ ಕಿಟಕಿಗೆ ಬಂದಿತ್ತು. ಆಕೆ ಯಾವಾಗ ಹೋದಳೋ ನನಗೆ ಗೊತ್ತಿಲ್ಲ. ನಾನು ನಿನಗೆ ಹೇಳಿದ ಹೊತ್ತಿಗಂತೂ ಅಲ್ಲ, ಅದಕ್ಕಿಂತ ಬಹಳ ಮೊದಲು.

ನಮ್ಮ ಮಂದಿಯಲ್ಲಿ ಮಂಚದ ಮೇಲೆ ಜೀವ ಬಿಡಬಾರದು ಎನ್ನುವುದು ನಿನಗೆ ಗೊತ್ತಿದ್ದದ್ದೇ. ಜೀವ ಇರುವಾಗಲೇ ಕೆಳಗೆ ಇಳಿಸಬೇಕು, ಸಗಣಿ ಸಾರಿಸಿದ ನೆಲ, ದರ್ಭೆ, ಬಾಯಿಗೆ ಗಂಗೆ, ತುಳಸಿದಳ, ಕಿವಿಯಲ್ಲಿ ನಾಮ. ಮಂಚದ ಮೇಲೆ ಹೋದವರ ಮಾತು ಬಂದರೆ ನಿಮ್ಮ ಅಜ್ಜಿ ದನಿ ಇಳಿಸುತ್ತಿದ್ದಳು, ಅವರ ಮನೆಯವರು ಏನೋ ಕಳವು ಮಾಡಿದ್ದಾರೆ ಎನ್ನುವ ಹಾಗೆ. ಮನೆಯಲ್ಲಿ ಗಂಡ ಇದ್ದೂ ಹೆಂಡತಿ ಹಾಗೆ ಹೋದಳೆಂದರೆ? ನಾನು ಆಕೆಯ ಕೈ ಹಿಡಿದು ನಿಂತಿದ್ದೆ, ಅಂಗಳದಿಂದ ಕೃಷ್ಣಾಜಿ ಕೂಗಿದ, "ಹ್ಯಾಂಗಿದ್ದಾರ ವೇಣಕ್ಕ?" ಎಂದು. ದಿನಾಲು ಆ ಹೊತ್ತಿಗೆ ಕೇಳುವ ಮಾತೇ ಅದು. ನನ್ನ ಬಾಯಿ ತಾನೇ, "ಲಗೂ ಬಾರೋ, ಇನ್ನೂ ಜೀವ ಅದ, ಕೆಳಗ ಇಳಸೂಣು" ಎಂದಿತು.

ಆಮೇಲೆ ಅದರಿಂದ ಹಿಂದೆ ಬರುವುದು ಆಗಲಿಲ್ಲ. ತಲೆಯ ಕಡೆ ನಾನೇ ಹಿಡಿಯುತ್ತೇನೆಂದು ಹಟ ಮಾಡಿದೆ, ಕುತ್ತಿಗೆ ಸೆಟೆದದ್ದು ಬೇರೆಯವರ ಕೈಗೆ ತಿಳಿಯಬಾರದೆಂದು. ಕಾಲು ಹಿಡಿದ ಕೃಷ್ಣಾಜಿ, "ಕಾಲು ಥಣ್ಣಗಾಗ್ಯಾವಲ್ಲೋ ಬಿಂದೂ" ಎಂದ. "ಜೀವಾ ಮ್ಯಾಲೆ ಸರಕೋತ ಹೊಂಟದ" ಎಂದೆ. ಆತ ನಂಬಿದ, ಹಾಗೆಂದು ಆತನೂ ಕೇಳಿ ಬಲ್ಲ, ಪ್ರಾಣ ಅಂಗಾಲಿನಿಂದ ಮೇಲಕ್ಕೆ ಹೋಗುತ್ತದೆ ಎಂದು. ಕಾಶಿಯ ಗಿಂಡಿಯ ಅರಗು ಒಡೆದು ಗಂಗೆಯನ್ನು ನಾನೇ ಹಾಕಿದೆ. ತುಟಿಯ ನಡುವೆ ಹೋಯಿತು, ಹಲ್ಲಿಗೆ ತಡೆದು ಅಂಚಿನಿಂದ ಹೊರಗೆ ಬಂತು, ಗದ್ದದಿಂದ ಕೊರಳಿಗೆ ಹರಿಯಿತು. ರಾಧಾಬಾಯಿ ಸೆರಗಿನಿಂದ ಒರೆಸುತ್ತ, "ಗುಟುಕರಿಸಿದ್ರು ನೋಡ್ರಿ! ಏನು ಪುಣ್ಯಾ ಮಾಡಿದ್ರೋ ವೇಣಕ್ಕ!" ಎಂದಳು. ನೋಡಬೇಕೆಂದಿದ್ದನ್ನು ಆಕೆ ನೋಡಿದಳು. ಸ್ವಲ್ಪ ಹೊತ್ತು ತಡೆದು, ಎಷ್ಟು ತಡೆದರೆ ಸರಿ ಕಾಣುತ್ತದೋ ಅಷ್ಟು ತಡೆದು, ನಾನು "ಹೋದಳು" ಎಂದೆ.

ಹದಿಮೂರು ದಿನ ಬಂದವರೆಲ್ಲ ಅದನ್ನೇ ಹೊಗಳಿದರು. ಮುತ್ತೈದೆ ಸಾವು, ನೆಲದ ಮೇಲೆ, ಬಾಯಲ್ಲಿ ಗಂಗೆ, ಗಂಡನ ಕೈಯಿಂದ. ಗದಗಿನಲ್ಲಿ ನಿಮ್ಮ ಅತ್ತೆ ಓಣಿಗೆಲ್ಲ ಹೇಳಿದ್ದಾರೆಂದು ನೀನೇ ಹೇಳಿದೆ. ಪ್ರತಿಯೊಬ್ಬರಿಗೂ ನಾನು ತಲೆ ಆಡಿಸಿದ್ದೇನೆ.

ಈಗ ನೋಡು. ದವಡೆ ಬಿಗಿಯುವುದಕ್ಕೆ ಎರಡು ಮೂರು ತಾಸು ಬೇಕಾದರೆ, ನಾವು ಕೆಳಗೆ ಇಳಿಸುವ ಎಷ್ಟೋ ಮೊದಲೇ ಆಕೆ ಹೋಗಿದ್ದಳು. ರಾಧಾಬಾಯಿ ಕೇಳಿದ ಉಸಿರು ಆಮೇಲಿನದು, ಅದು ಹಾರ್ಮೋನಿಯಂ ಪೆಟ್ಟಿಗೆಯದು. ಬೆಂಕಿ ಅದಕ್ಕೂ ಆಮೇಲೆ. ನಿಮ್ಮ ಅವ್ವನಿಗೆ ಬೆಂಕಿ ತಿಳಿದಿಲ್ಲ ಮಗಳೇ, ಹೊತ್ತೊಯ್ದದ್ದು ತಿಳಿದಿಲ್ಲ, ನಾನು ಹಾಕಿದ ಗಂಗೆಯೂ ತಿಳಿದಿಲ್ಲ. ಇದು ರಿಫ್ಲೆಕ್ಸ್ ಎಂದವನ ಮಾತಲ್ಲ, ಆ ದವಡೆಯನ್ನು ಬೆರಳಿನಿಂದ ತೆರೆಯಲು ನೋಡಿ ಸೋತವನ ಮಾತು. ಇವತ್ತು ಇಂದೂ ಮಲಗಿದ ಮೇಲೆ ಅದರ ಮೂಗಿಗೆ ಬೆರಳು ಹಿಡಿಯಬೇಡ. ಅದರ ಪಕ್ಕದಲ್ಲಿ ಮಲಗು.

ಈ ಪತ್ರವನ್ನು ಶ್ಯಾಮರಾಯರಿಗೆ ಕೊಡು, ಆತ ಪುಸ್ತಕ ನೋಡಿ ತಾಳೆ ಹಾಕಲಿ. ನಿಮ್ಮ ಅತ್ತೆಯವರಿಗೆ ಓದಿ ಹೇಳಿದರೂ ನನ್ನ ಅಡ್ಡಿಯಿಲ್ಲ. ಬೀಗರ ಮನೆಯಲ್ಲಿ ನನ್ನ ಹೆಸರು ಕೆಟ್ಟರೆ ಅದಕ್ಕೆ ನೀನು ತಲೆ ತಗ್ಗಿಸಬೇಡ, ತಗ್ಗಿಸಬೇಕಾದವನು ಇಲ್ಲಿದ್ದೇನೆ. ಕೃಷ್ಣಾಜಿಗೆ ನಾಳೆ ನಾನೇ ಹೇಳುತ್ತೇನೆ. ಬೈದಾನು, ಆಮೇಲೆ ಮಂಚದ ಸಾವಿಗೆ ಏನು ಪ್ರಾಯಶ್ಚಿತ್ತ ಎಂದು ಆಚಾರ್ಯರನ್ನು ಕೇಳಲು ಆತನೇ ನನ್ನನ್ನು ಎಳೆದುಕೊಂಡು ಹೋದಾನು, ಆತನ ಸ್ವಭಾವ ಅದು. ರಾಧಾಬಾಯಿಗೆ ಹೇಳುವುದೇ ಕಷ್ಟ. ಗುಟುಕರಿಸಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಾಳೆ.

ಹೊಟ್ಟೆ ತುಂಬ ಉಣ್ಣು, ಕೂಸಿಗಾಗಿ ಉಣ್ಣು. ಸಬ್ಬಸಿಗೆ, ಕೊಬ್ಬರಿ, ಏನು ತಿಂದರೆ ಹಾಲು ಬರುತ್ತದೆಂದು ನಿಮ್ಮ ಅವ್ವನಾದರೆ ಬರೆಯುತ್ತಿದ್ದಳು, ನನಗೆ ಇಷ್ಟೇ ಗೊತ್ತು. ಶ್ಯಾಮರಾಯರಿಗೂ ನಿನಗೂ ಇಂದೂಗೂ ದೇವರು ಆಯುಷ್ಯ ಕೊಡಲಿ, ಗಟ್ಟಿ ನಿದ್ದೆ ಕೊಡಲಿ. ನನ್ನ ಆಶೀರ್ವಾದಕ್ಕೆ ಬೆಲೆ ಉಳಿದಿದ್ದರೆ ಎಲ್ಲವೂ ನಿನಗೇ.

ನಿನ್ನ ಅಪ್ಪ,
ಬಿಂದುಮಾಧವ

ತಾ. ಕ. ಲಕೋಟೆಗೆ ಅಂಟು ಹಚ್ಚಿದ್ದೆ, ಆರುವ ಮೊದಲು ತೆರೆದೆ. ಮೇಲೆ ಜೊಂಪು ಹತ್ತಿತ್ತು ಎಂದು ಬರೆದಿದ್ದೇನೆ. ಹತ್ತಿತ್ತು, ಆದರೆ ಆಮೇಲೆ. ಮೊದಲು ಹತ್ತಿರಲಿಲ್ಲ. ಅಂದು ಬೆಳಗಿನಿಂದ ಆಕೆ ಎಷ್ಟೋ ಸಲ ಕರೆದಿದ್ದಳು, ನೀರು ಎಂದು, ದಿಂಬು ಸರಿಮಾಡಿ ಎಂದು, ಟಪಾಲಿನವನು ಬಂದನೇ ಎಂದು. ಪ್ರತಿ ಸಲ ಎದ್ದಿದ್ದೆ. ಉಂಡು ಬಂದು ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದೆ ಅಷ್ಟೇ, ಒಳಗಿನಿಂದ, "ಎಚ್ಚರ ಇದ್ದೀರೇನ್ರಿ?" ಎಂದಳು. ನಾನು ಕಣ್ಣು ತೆರೆಯಲಿಲ್ಲ. ಇದೊಂದು ಸಲ ಬೇಡ ಎನಿಸಿತು. ಮತ್ತೆ ಕೇಳಿದಳು, "ಏನ್ರಿ, ಎಚ್ಚರ ಇದ್ದೀರಾ?" ಎಂದು. ನಾನು ನಿದ್ದೆಯಲ್ಲಿದ್ದವರ ಹಾಗೆ ಒಂದು ಉಸಿರು ಉದ್ದಕ್ಕೆ ಎಳೆದು ಬಿಟ್ಟೆ, ಆಕೆಗೆ ಕೇಳಿಸುವ ಹಾಗೆ. ಆಮೇಲೆ ಆಕೆ ತನ್ನಷ್ಟಕ್ಕೆ ತಾನೇ, ಸಣ್ಣ ದನಿಯಲ್ಲಿ, "ನಿದ್ದಿ ಹತ್ತೇದ. ಮಲಗಲಿ, ಪಾಪ" ಎಂದಳು. ಮತ್ತೆ ಕರೆಯಲಿಲ್ಲ. ಸುಮ್ಮನಾದಳಲ್ಲ ಎಂದು ನನಗೆ ಹಾಯೆನಿಸಿತು, ಆಗ ನಿದ್ದೆ ಖರೇ ಬಂತು. ಏನು ಬೇಕಾಗಿತ್ತೋ ಆಕೆಗೆ, ಗೋದೂ, ನೀರೋ, ದಿಂಬೋ, ಅಥವಾ ಬರಿದೇ ಹತ್ತಿರ ಯಾರಾದರೂ

ಬರೆದ ಸಾಲು ಒಂದರ ಮೇಲೊಂದು ಬೀಳುತ್ತಿವೆ. ಹೊರಗೆ ಬೆಳಕು ಹೋಗುತ್ತಿದೆ.